ನಿಮಗಿದು ಗೊತ್ತೇ? ವಿಲಾಯತಿಯಲ್ಲಿ ಸಂಸಾರ ಹೂಡುವವರಿಗೆ

ರಸ್ತೆಯ ಎಡಬದಿಯ ಓಡಾಟ, ಕ್ರಿಕೆಟ್ಟು, ಹಾಲು ಹಾಕಿದ ಚಹಾ, ಕಚೇರಿಯ ಇಂಗ್ಲಿಷು ಎಲ್ಲವೂ ಪರಿಚಿತ. ಬ್ರಿಟನ್ ನಮಗೇನು ಹೊಸದು ಎಂದುಕೊಂಡೇ ಬಹಳ ಮಂದಿ ವಿಮಾನ ಹತ್ತುತ್ತಾರೆ. ಎಡವುವುದು ಪ್ಲಗ್ಗು, ನಲ್ಲಿ, ಭಾನುವಾರದ ಅಂಗಡಿ, ಮಕ್ಕಳ ರಜೆಯಂಥ ಸಣ್ಣಪುಟ್ಟ ಸಂಗತಿಗಳಲ್ಲಿ. ಅಲ್ಲಿನ ಎಷ್ಟೋ ವಿಚಿತ್ರಗಳ ಹಿಂದೆ ಒಂದು ಕಾಯ್ದೆಯೋ ಹಳೆಯ ಕಾರಣವೋ ಇದ್ದೇ ಇರುತ್ತದೆ. ತಮಾಷೆಯೆಂದರೆ ಅವರು ಕೈಬಿಟ್ಟ ಕೆಲವನ್ನು ನಾವು ಇಟ್ಟುಕೊಂಡಿದ್ದೇವೆ, ನಾವು ಕೈಬಿಟ್ಟ ಕೆಲವನ್ನು ಅವರು ಇಟ್ಟುಕೊಂಡಿದ್ದಾರೆ.

ಮನೆಯೊಳಗೆ

● ನಮ್ಮ ಗೋಡೆಗಳಲ್ಲಿರುವ ಉರುಟು ಪಿನ್ನಿನ ಪ್ಲಗ್ಗು ಮೂಲತಃ ಬ್ರಿಟನ್ನಿನದೇ! 1947ರಲ್ಲಿ ಅವರು ಚಪ್ಪಟೆ ಪಿನ್ನಿನ ಹೊಸ ಮಾದರಿ ತಂದು ಹಳೆಯದನ್ನು ಮೆಲ್ಲಗೆ ಬಿಟ್ಟರು, ನಾವು ಬಿಡಲಿಲ್ಲ. ಹೊಸ ಪ್ಲಗ್ಗಿನೊಳಗೇ ಒಂದು ಫ್ಯೂಸ್ ಇರುತ್ತದೆ. ಸಾಮಾನ್ಯವಾಗಿ ಉದ್ದನೆಯ ಅರ್ಥ್ ಪಿನ್ ಒಳಹೊಕ್ಕಮೇಲೆಯೇ ಸಾಕೆಟ್ಟಿನ ಉಳಿದೆರಡು ತೂತುಗಳ ಮುಚ್ಚಳ ಸರಿಯುತ್ತದೆ. ಮಕ್ಕಳು ಕಡ್ಡಿ ತೂರಿಸದಿರಲೆಂದು ಈ ಏರ್ಪಾಡು. ವೋಲ್ಟೇಜ್ ಎರಡೂ ದೇಶಗಳಲ್ಲಿ 230. ಹಾಗಾಗಿ ಪ್ಲಗ್ ಬದಲಾಯಿಸಿದರೆ ಊರಿನ ಮಿಕ್ಸಿ ಅಲ್ಲೂ ತಿರುಗುತ್ತದೆ.

● ಸ್ನಾನದ ಕೋಣೆಯಲ್ಲಿ ಮಾಮೂಲಿ ಸಾಕೆಟ್ ಹುಡುಕಬೇಡಿ. ದೀಪದ ಸ್ವಿಚ್ಚೂ ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲಿರದು. ಸೂರಿನಿಂದ ಇಳಿಬಿದ್ದ ದಾರವನ್ನು ಜಗ್ಗಬೇಕು. ಒದ್ದೆ ಕೈ ವಿದ್ಯುತ್ತಿಗೆ ತಾಕಬಾರದು ಎಂಬುದಕ್ಕೆ ಈ ಉಪಾಯ.

● ಹೆಚ್ಚಿನ ಮನೆಗಳ ಬಚ್ಚಲಿನ ನೆಲದಲ್ಲಿ ನೀರು ಹೋಗುವ ತೂಬೇ ಇಲ್ಲ. ಚೊಂಬಿನಿಂದ ಧಾರಾಳವಾಗಿ ಹುಯ್ದುಕೊಂಡರೆ ನೀರು ಸೇರುವುದು ಕೆಳಮನೆಯ ಸೂರಿಗೆ. ಸ್ನಾನವೇನಿದ್ದರೂ ಟಬ್ಬಿನೊಳಗೆ, ಪರದೆಯ ಅಂಚನ್ನು ಒಳಕ್ಕೆ ಬಿಟ್ಟುಕೊಂಡು.

● ಒಂದೇ ಬೇಸಿನ್ನಿಗೆ ಬಿಸಿನೀರಿನದೊಂದು, ತಣ್ಣೀರಿನದೊಂದು ನಲ್ಲಿ ಏಕೆ? ಹಳೆಯ ಮನೆಗಳಲ್ಲಿ ತಣ್ಣೀರು ಬೀದಿಯ ಕೊಳವೆಯಿಂದ ನೇರವಾಗಿ ಬರುತ್ತಿತ್ತು, ಕುಡಿಯಲು ಯೋಗ್ಯ. ಬಿಸಿನೀರು ಬರುತ್ತಿದ್ದುದು ಅಟ್ಟದ ತೊಟ್ಟಿಯಿಂದ. ಅದರಲ್ಲಿ ಧೂಳೂ ಬೀಳಬಹುದು, ಇಲಿಯೂ ಬೀಳಬಹುದು. ಎರಡೂ ಬೆರೆಯಬಾರದೆಂದೇ ನಲ್ಲಿ ಬೇರೆ ಬೇರೆ.

● ಒಗ್ಗರಣೆಗೆ ಮೊದಲು ಅಡುಗೆಮನೆಯ ಬಾಗಿಲು ಹಾಕಿ, ಕಿಟಕಿ ತೆಗೆಯಿರಿ! ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಪ್ರತಿ ಮಹಡಿಗೂ ಹೊಗೆ ಪತ್ತೆಹಚ್ಚುವ ಅಲಾರಂ ಕಡ್ಡಾಯ. ಖಾಸಗಿ ಮಾಲೀಕರಿಗೆ ಈ ನಿಯಮ ಬಂದದ್ದು 2015ರಲ್ಲಿ. ಒಣಮೆಣಸಿನಕಾಯಿಯ ಘಾಟಿಗೂ ಬೆಂಕಿಯ ಹೊಗೆಗೂ ಅದಕ್ಕೆ ವ್ಯತ್ಯಾಸ ತಿಳಿಯದು.

● ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಟ್ಟು ಬಂದ ಬೆಂಗಳೂರಿಗರಿಗೆ ಸಿಹಿಸುದ್ದಿ. 2019ರ ಕಾಯ್ದೆಯ ಪ್ರಕಾರ ಇಂಗ್ಲೆಂಡಿನಲ್ಲಿ ಸಾಮಾನ್ಯ ಮನೆಗಳಿಗೆ ಠೇವಣಿ ಐದು ವಾರಗಳ ಬಾಡಿಗೆಯನ್ನು ಮೀರುವಂತಿಲ್ಲ. ಆ ಹಣ ಮಾಲೀಕನ ಜೇಬಿನಲ್ಲೂ ಸುಮ್ಮನೆ ಕೂರುವಂತಿಲ್ಲ. 30 ದಿನಗಳೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಗೆ ಸೇರಬೇಕು. ಸೇರಿಸದಿದ್ದರೆ ಠೇವಣಿಯ ಮೂರು ಪಟ್ಟಿನವರೆಗೂ ನ್ಯಾಯಾಲಯ ಬಾಡಿಗೆದಾರನಿಗೆ ಕೊಡಿಸಬಹುದು.

● ಮನೆಗಂದಾಯ ಅಲ್ಲಿ ವಾಸವಿರುವವರ ತಲೆಗೆ! ಹೆಸರು ಕೌನ್ಸಿಲ್ ಟ್ಯಾಕ್ಸ್. ಇಂಗ್ಲೆಂಡಿನಲ್ಲಿ ಲೆಕ್ಕ ಹಾಕುವುದು ಇವತ್ತಿನ ಬೆಲೆಯ ಮೇಲಲ್ಲ, 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಎಂಬುದರ ಮೇಲೆ. ನಿನ್ನೆ ಕಟ್ಟಿದ ಮನೆಗೂ 1991ರದೇ ಅಂದಾಜು. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಶೇ 25 ರಿಯಾಯಿತಿ. ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಪೂರ್ತಿ ಮಾಫಿ. ಎರಡನ್ನೂ ಕೇಳಿ ಪಡೆಯಬೇಕು.

● ಅಂಚೆ ಕಚೇರಿಗೆ ಹೋಗಿ ರೇಡಿಯೋಗೆ ಲೈಸೆನ್ಸ್ ಮಾಡಿಸುತ್ತಿದ್ದ ಕಾಲ ನಮ್ಮ ಹಿರಿಯರಿಗೆ ನೆನಪಿದೆ. 1980ರ ದಶಕದಲ್ಲಿ ನಾವದನ್ನು ಬಿಟ್ಟೆವು. ಬ್ರಿಟನ್ನಿನಲ್ಲಿ ಟಿ.ವಿ. ಲೈಸೆನ್ಸ್ ಈಗಲೂ ಬೇಕು. ಯಾವುದೇ ವಾಹಿನಿಯನ್ನು ನೇರಪ್ರಸಾರವಾಗಿ ನೋಡಿದರೂ, ಬಿಬಿಸಿಯ ಐಪ್ಲೇಯರ್ ತೆರೆದರೂ ಶುಲ್ಕ ಕಟ್ಟಬೇಕು. ಕಪ್ಪು-ಬಿಳುಪು ಟಿ.ವಿ.ಗೆ ಇವತ್ತಿಗೂ ಕಡಿಮೆ ದರದ ಬೇರೆ ಲೈಸೆನ್ಸ್ ಇದೆ!

ರಸ್ತೆಗಿಳಿದಾಗ

● ಭಾರತ 1957ರಲ್ಲೇ ಆಣೆ-ಪೈ ಬಿಟ್ಟು ನಯಾ ಪೈಸೆಗೆ ಬಂತು. ಬ್ರಿಟನ್ ಶಿಲ್ಲಿಂಗ್ ಲೆಕ್ಕ ಬಿಟ್ಟದ್ದು 1971ರ ಫೆಬ್ರವರಿ 15ರಂದು, ನಮಗಿಂತ ಹದಿನಾಲ್ಕು ವರ್ಷ ತಡವಾಗಿ. ರಸ್ತೆಯ ಫಲಕಗಳಲ್ಲಿ ಇನ್ನೂ ಮೈಲಿಯೇ. 70 ಎಂದು ಕಂಡರೆ ಅದು ಗಂಟೆಗೆ ಸುಮಾರು 113 ಕಿ.ಮೀ. ಬಿಯರ್ ಪೈಂಟ್ ಲೆಕ್ಕದಲ್ಲಿ, ಅಂದರೆ 568 ಮಿ.ಲೀ. ದೇಹದ ತೂಕವನ್ನು ಹಲವರು ಹೇಳುವುದು ಸ್ಟೋನ್ ಲೆಕ್ಕದಲ್ಲಿ. ಒಂದು ಸ್ಟೋನ್ ಎಂದರೆ ಸುಮಾರು 6.35 ಕೆ.ಜಿ.

● ಜನವಸತಿ ಇರುವೆಡೆ ರಾತ್ರಿ 11.30ರಿಂದ ಬೆಳಿಗ್ಗೆ 7ರವರೆಗೆ ಹಾರ್ನ್ ಬಾರಿಸುವುದು ಕಾನೂನುಬಾಹಿರ. ನಿಂತ ಗಾಡಿಯಲ್ಲಿ ಕೂತು ಬಾರಿಸುವುದೂ ತಪ್ಪು. ಬೇರೊಂದು ವಾಹನದಿಂದ ಅಪಾಯವಿದ್ದರೆ ಮಾತ್ರ ವಿನಾಯಿತಿ. ಹಗಲಲ್ಲೂ ಹಾರ್ನ್ ಕೇಳಿದರೆ ಜನ ಅದನ್ನು ಬೈಗುಳವೆಂದೇ ತಿಳಿಯುತ್ತಾರೆ.

● ಜೀಬ್ರಾ ಪಟ್ಟೆಯ ಎರಡು ಬದಿಯಲ್ಲಿ ಮಿಣುಗುಟ್ಟುವ ಕಿತ್ತಳೆ ಬಣ್ಣದ ಗೋಳಗಳಿಗೆ ಒಬ್ಬ ಮಂತ್ರಿಯ ಹೆಸರಿದೆ. 1934ರಲ್ಲಿ ಸಾರಿಗೆ ಸಚಿವರಾಗಿದ್ದ ಲೆಸ್ಲಿ ಹೋರ್-ಬೆಲಿಷಾ ಅವುಗಳನ್ನು ತಂದರು. ಅವು ಬೆಲಿಷಾ ದೀಪಗಳಾದವು. ಪಟ್ಟೆಗಳು ಬಂದದ್ದು 1951ರಲ್ಲಿ. ನೀವು ಪಟ್ಟೆಯ ಮೇಲೆ ಕಾಲಿಟ್ಟರೆ ವಾಹನ ನಿಲ್ಲಲೇಬೇಕು. ದಾಟಲು ಕಾಯುತ್ತಿರುವವರಿಗೂ ದಾರಿ ಬಿಡಬೇಕೆಂದು 2022ರ ನಿಯಮಾವಳಿ ಹೇಳುತ್ತದೆ. ‘ನೀವು ಮೊದಲು ಹೋಗಿ’ ಎಂದು ಕಾರಿನವರಿಗೆ ಕೈಸನ್ನೆ ಮಾಡುತ್ತಾ ನಿಂತರೆ ಇಬ್ಬರಿಗೂ ಗಲಿಬಿಲಿ.

● ಭಾರತದ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ನಡೆಯುತ್ತದೆ. ಆಮೇಲೆ ಇಪ್ಪತ್ತು ವರ್ಷ ಲಾರಿ ಓಡಿಸಿದವರಾದರೂ ಕೆಂಪು ‘ಎಲ್’ ಫಲಕ ಅಂಟಿಸಿಕೊಂಡು ಹೊಸದಾಗಿ ಪರೀಕ್ಷೆ ಪಾಸಾಗಬೇಕು.

● ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾರಿನಲ್ಲಿ ಹೋಗುವಂತಿಲ್ಲ. 12 ವರ್ಷ ಅಥವಾ 135 ಸೆಂ.ಮೀ. ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳಿಗೆ ಪ್ರತ್ಯೇಕ ಸೀಟು ಬೇಕು.

● ಲಂಡನ್ನಿನ ಬಸ್ಸಿನಲ್ಲಿ ಚಿಲ್ಲರೆಯ ಜಗಳವಿಲ್ಲ, ಏಕೆಂದರೆ 2014ರಿಂದ ಅಲ್ಲಿ ನಗದನ್ನೇ ಮುಟ್ಟುವುದಿಲ್ಲ. ಕಾರ್ಡು ತಾಕಿಸಿ ಹತ್ತಬೇಕು. ಸುರಂಗ ರೈಲಿನ ಎಸ್ಕಲೇಟರಿನಲ್ಲಿ ನಿಲ್ಲುವವರು ಬಲಕ್ಕೆ, ನಡೆದು ಹೋಗುವವರು ಎಡಕ್ಕೆ. ಹರಟುತ್ತಾ ಅಡ್ಡ ನಿಂತರೆ ಬೆನ್ನ ಹಿಂದೆ ನಿಟ್ಟುಸಿರು ಕೇಳಿಸುತ್ತದೆ.

ಅಂಗಡಿ, ಊಟ, ಉಪಚಾರ

● ಧಾರವಾಡ ಪೇಡ, ಮನೆಯ ತುಪ್ಪ ಕಟ್ಟಿಕೊಂಡು ಹೊರಟಿರಾ? ನಿಲ್ಲಿ. ಭಾರತದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ; ಜಾನುವಾರು ರೋಗಗಳ ಭಯಕ್ಕೆ ಈ ನಿಷೇಧ. ಸಾರಿನ ಪುಡಿ, ಚಟ್ನಿಪುಡಿಗೆ ಈ ತಕರಾರಿಲ್ಲ.

● ಭಾನುವಾರ ಸಂಜೆ ಐದಕ್ಕೆ ಸೂಪರ್‌ಮಾರ್ಕೆಟ್ ಬಾಗಿಲು ಹಾಕಿರಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಅಂದು ಬೆಳಿಗ್ಗೆ 10ರಿಂದ ಸಂಜೆ 6ರ ನಡುವೆ ಸತತ ಆರು ಗಂಟೆ ಮಾತ್ರ ತೆರೆಯಬಹುದು ಎನ್ನುತ್ತದೆ 1994ರ ಕಾಯ್ದೆ. ಮೂಲೆಯ ಸಣ್ಣ ಅಂಗಡಿಗೆ ಈ ಕಟ್ಟುಪಾಡಿಲ್ಲ.

● ಪೊಟ್ಟಣದ ಮೇಲೆ ನಮ್ಮ ಹಸಿರು ಚುಕ್ಕಿಯನ್ನು ಹುಡುಕಿ ಫಲವಿಲ್ಲ. ಅಲ್ಲಿ ಅದು ಕಡ್ಡಾಯವಲ್ಲ. ಸಸ್ಯಾಹಾರಿಗಳಿಗೆ ಯೋಗ್ಯ ಎಂಬ ಸಾಲು ಇದೆಯೇ ನೋಡಿ. ಪಾರ್ಮಸಾನ್ ಚೀಸ್‌ನಲ್ಲಿ ಕರುವಿನ ಜಠರದ ರೆನೆಟ್, ಬಹಳಷ್ಟು ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್, ಮೂಲ ಪಾಕದ ವೂಸ್ಟರ್ ಸಾಸ್‌ನಲ್ಲಿ ಮೀನು ಇರುತ್ತವೆ. ಹಾಗೆಂದು ಸಸ್ಯಾಹಾರ ಅಲ್ಲಿಗೆ ಹೊಸದಲ್ಲ. ಬ್ರಿಟನ್ನಿನ ಸಸ್ಯಾಹಾರಿ ಸಂಘ ಹುಟ್ಟಿದ್ದು 1847ರಲ್ಲಿ. ಲಂಡನ್ನಿನ ಸಸ್ಯಾಹಾರಿ ಸಂಘದಲ್ಲಿ ಕಾನೂನು ವಿದ್ಯಾರ್ಥಿ ಗಾಂಧಿ ಕಾರ್ಯಕಾರಿ ಸಮಿತಿಯ ಸದಸ್ಯರೂ ಆಗಿದ್ದರು.

● ಪುಳಿಯೋಗರೆಯನ್ನು ಕಚೇರಿಗೆ ಹಂಚಲು ಒಯ್ಯುವ ಮುನ್ನ ಒಂದು ಮಾತು. ಅಲರ್ಜಿ ತರಬಲ್ಲವೆಂದು ಅಲ್ಲಿನ ಕಾನೂನು ಪಟ್ಟಿ ಮಾಡಿರುವ 14 ಪದಾರ್ಥಗಳಲ್ಲಿ ಕಡಲೆಕಾಯಿ, ಎಳ್ಳು, ಸಾಸಿವೆ ಮೂರೂ ಇವೆ! ಡಬ್ಬಿಯ ಮೇಲೊಂದು ಚೀಟಿ ಅಂಟಿಸಿ.

● ಹೋಟೆಲ್ ಬಿಲ್ಲಿನ ತಳದಲ್ಲಿ ಶೇ 12.5 ಸೇವಾಶುಲ್ಕ ಸೇರಿದ್ದರೆ ಸಾಮಾನ್ಯವಾಗಿ ಅದು ಐಚ್ಛಿಕ; ತೆಗೆಸುವುದು ಅವಮಾನವೇನಲ್ಲ. ಕೊಟ್ಟರೆ ಆ ಹಣ ಕೆಲಸಗಾರರಿಗೇ ಸಲ್ಲಬೇಕೆಂಬ ಕಾನೂನು 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ.

● ಪಬ್ಬಿನಲ್ಲಿ ಬಿಲ್ ಹಂಚಿಕೊಳ್ಳುವುದು ಕಡಿಮೆ. ಒಬ್ಬೊಬ್ಬರು ಒಂದೊಂದು ಸರದಿಯಲ್ಲಿ ಎಲ್ಲರಿಗೂ ತರಿಸುತ್ತಾರೆ. ಕುಡಿಯದವರು ಕಿತ್ತಳೆ ರಸ ಹಿಡಿದು ಕೂರಬಹುದು, ಯಾರೂ ಒತ್ತಾಯಿಸರು. ತಮ್ಮ ಸರದಿ ಬಂದಾಗ ಮಾತ್ರ ಎದ್ದು ಹೋಗಬೇಕು. ತಪ್ಪಿಸಿಕೊಂಡವರ ಹೆಸರು ಬೇಗ ಕೆಡುತ್ತದೆ.

● ಮೇಲಧಿಕಾರಿಯನ್ನು ‘ಸರ್’ ಎಂದು ಕರೆದರೆ ಅವರೇ ಮುಜುಗರಪಡುತ್ತಾರೆ. ಕಚೇರಿಯಲ್ಲಿ ಎಲ್ಲರಿಗೂ ಬರೀ ಹೆಸರು. ‘ಸರ್’ ಉಳಿದಿರುವುದು ಶಾಲೆಯ ಮೇಷ್ಟರಿಗೆ, ಅಂಗಡಿಯ ಗಿರಾಕಿಗೆ, ರಾಜಮನೆತನದ ಬಿರುದು ಪಡೆದವರಿಗೆ. ಸರ್ ಎಂ.ವಿ. ಅವರಿಗೆ 1915ರಲ್ಲಿ ಬಂದದ್ದು ಆ ಬಿರುದೇ.

ಮೈಗೆ ಹುಷಾರಿಲ್ಲದಾಗ

● ತುರ್ತಿಗೆ 999. ಲಂಡನ್ನಿನಲ್ಲಿ 1937ರ ಜೂನ್ 30ರಂದು ಆರಂಭವಾದ ಇದು ಜಗತ್ತಿನ ಮೊದಲ ತುರ್ತು ಸಂಖ್ಯೆ. ಪ್ರಾಣಾಪಾಯವಿಲ್ಲದ ಕಾಯಿಲೆಗೆ 111. ತಲೆನೋವೆಂದು ನೇರವಾಗಿ ತಜ್ಞರ ಬಳಿ ಹೋಗುವ ನಮ್ಮ ರೂಢಿ ಅಲ್ಲಿ ನಡೆಯದು. ಮೊದಲು ಬಡಾವಣೆಯ ವೈದ್ಯರಲ್ಲಿ ಹೆಸರು ನೋಂದಾಯಿಸಬೇಕು. ಮುಂದಿನ ದಾರಿ ತೋರಿಸುವವರು ಅವರೇ.

● ಅಲ್ಲಿ ಶಸ್ತ್ರಚಿಕಿತ್ಸಕರನ್ನು ‘ಡಾಕ್ಟರ್’ ಎನ್ನುವುದಿಲ್ಲ, ‘ಮಿಸ್ಟರ್’ ಅಥವಾ ‘ಮಿಸ್’ ಎನ್ನುತ್ತಾರೆ! ಹಿಂದೆ ವೈದ್ಯರು ವಿಶ್ವವಿದ್ಯಾಲಯದಲ್ಲಿ ಓದಿದವರು. ಕೊಯ್ದು ಹೊಲಿಯುವವರು ಕ್ಷೌರಿಕರ ಜತೆ ಒಂದೇ ಸಂಘದಲ್ಲಿದ್ದ ಕಸುಬುದಾರರು. 1745ರಲ್ಲಿ ಇಬ್ಬರೂ ಬೇರೆಯಾದರು, ಸಂಬೋಧನೆ ಮಾತ್ರ ಉಳಿಯಿತು. ಈಗ ಅದೇ ಅವರ ಹೆಮ್ಮೆ.

● ವೈದ್ಯರು ಬರೆದ ಒಂದೊಂದು ಔಷಧಕ್ಕೂ ಇಂಗ್ಲೆಂಡಿನಲ್ಲಿ ನಿಗದಿತ ಶುಲ್ಕವುಂಟು. 16ರೊಳಗಿನ ಮಕ್ಕಳಿಗೆ, 60 ದಾಟಿದವರಿಗೆ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಎಲ್ಲರಿಗೂ ಉಚಿತ. ಇನ್ನು ಪ್ಯಾರಾಸಿಟಮಾಲ್: 1998ರಿಂದ ಮಾಮೂಲಿ ಅಂಗಡಿಯ ಪೊಟ್ಟಣದಲ್ಲಿ 16 ಮಾತ್ರೆಗಿಂತ ಹೆಚ್ಚಿಲ್ಲ. ದುಡುಕಿ ಅತಿಯಾಗಿ ನುಂಗುವುದನ್ನು ತಡೆಯಲು ಈ ಮಿತಿ.

● ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ, ಡಿಸೆಂಬರಿನಲ್ಲಿ ಎಂಟು ಗಂಟೆಗೂ ಕಡಿಮೆ. ಅಲ್ಲಿನ ಚಳಿಗಾಲದ ಬಿಸಿಲಿಗೆ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಸುವಿಲ್ಲ. ದಿನಕ್ಕೆ 10 ಮೈಕ್ರೋಗ್ರಾಂ ಸೇವಿಸಿ ಎಂಬುದು ಸರ್ಕಾರಿ ಸಲಹೆ. ನಮ್ಮಂಥ ಕಂದು ಮೈಬಣ್ಣದವರು ಅದನ್ನು ವರ್ಷವಿಡೀ ಪಾಲಿಸುವುದೊಳ್ಳೆಯದು.

ಶಾಲೆ, ಕಚೇರಿ, ಕ್ಯಾಲೆಂಡರ್

● ಊರಿನ ಮದುವೆಗೆಂದು ಮಕ್ಕಳನ್ನು ಶಾಲೆ ಬಿಡಿಸಿ ಕರೆತರುತ್ತೀರಾ? ಇಂಗ್ಲೆಂಡಿನಲ್ಲಿ ಒಪ್ಪಿಗೆಯಿಲ್ಲದೆ ಐದು ದಿನ ತಪ್ಪಿಸಿದರೆ ದಂಡ ಬೀಳಬಹುದು. 2024ರ ಆಗಸ್ಟ್‌ನಿಂದ ಅದು 80 ಪೌಂಡ್. ಮೂರು ವಾರದೊಳಗೆ ಕಟ್ಟದಿದ್ದರೆ 160. ಲೆಕ್ಕ ಹೇಗೆಂದರೆ ಪ್ರತಿ ಮಗುವಿಗೂ, ಅಪ್ಪ-ಅಮ್ಮ ಇಬ್ಬರಿಗೂ ಬೇರೆ ಬೇರೆ!

● ಜ್ವರವೆಂದು ರಜೆ ಹಾಕಲು ಮೊದಲ ಏಳು ದಿನ ವೈದ್ಯರ ಚೀಟಿ ಬೇಡ, ನಿಮ್ಮ ಮಾತೇ ಸಾಕು. ಎಂಟನೆಯ ದಿನದಿಂದ ಪ್ರಮಾಣಪತ್ರ ಬೇಕು.

● ಅವರ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರು. ಹಿಂದೆ ಲೆಕ್ಕದ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. 1752ರಲ್ಲಿ ಪಂಚಾಂಗ ತಿದ್ದಿ 11 ದಿನ ಹಾರಿಸಿದಾಗ ಖಜಾನೆ ನಷ್ಟಕ್ಕೆ ಒಪ್ಪದೆ ವರ್ಷವನ್ನು ಮುಂದಕ್ಕೆ ತಳ್ಳಿತು. 1800ರಲ್ಲಿ ಇನ್ನೊಂದು ದಿನ ಸೇರಿತು.

● ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ಅಕ್ಟೋಬರಿನ ಕೊನೆಯ ಭಾನುವಾರ ಹಿಂದಕ್ಕೆ. ಊರಿನೊಂದಿಗಿನ ಅಂತರ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ. ಅಮ್ಮನಿಗೆ ಫೋನ್ ಮಾಡುವ ಹೊತ್ತು ಮರೆಯದೆ ಬದಲಿಸಿಕೊಳ್ಳಿ.

● ಡಿಸೆಂಬರ್ 25ರಂದು ಲಂಡನ್ನಿನ ಬಸ್ಸೂ ಓಡುವುದಿಲ್ಲ, ಸುರಂಗ ರೈಲೂ ಓಡುವುದಿಲ್ಲ. ಹಾಲು, ತರಕಾರಿ ಹಿಂದಿನ ದಿನವೇ ತಂದಿಡಿ.

● ಇಂಗ್ಲೆಂಡಿನಲ್ಲಿ ರಾತ್ರಿ 11ರ ನಂತರ ಪಟಾಕಿ ಹೊಡೆಯುವಂತಿಲ್ಲ. ಗೈ ಫಾಕ್ಸ್ ನೆನಪಿನ ನವೆಂಬರ್ 5ರಂದು ನಡುರಾತ್ರಿ 12ರವರೆಗೆ ಬಿಡುವು. ದೀಪಾವಳಿಗೋ, ರಾತ್ರಿ 1 ಗಂಟೆಯವರೆಗೆ! ಹೊಸ ವರ್ಷದ ಮುನ್ನಾದಿನ, ಚೀನೀಯರ ಹೊಸ ವರ್ಷದ ಜತೆಗೆ ನಮ್ಮ ಹಬ್ಬದ ಹೆಸರೂ ನಿಯಮದಲ್ಲಿದೆ.

ಕೊನೆಗೆರಡು

● ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದರು. ಇದಕ್ಕಾಗಿ ಓಡಾಡಿದವರು ಲಂಡನ್ನಿನ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ.

● ಭಾರತದ ಪಾಸ್‌ಪೋರ್ಟ್ ಹಿಡಿದೇ ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು! ಭಾರತ ಕಾಮನ್‌ವೆಲ್ತ್ ಸದಸ್ಯ ರಾಷ್ಟ್ರ. ವಯಸ್ಸು ತುಂಬಿ, ಕಾನೂನುಬದ್ಧ ವೀಸಾದಲ್ಲಿ ಅಲ್ಲಿ ನೆಲೆಸಿದ ಭಾರತೀಯರಿಗೆ ಸಾರ್ವತ್ರಿಕ ಚುನಾವಣೆಯಲ್ಲೂ ಸ್ಥಳೀಯ ಚುನಾವಣೆಯಲ್ಲೂ ಮತದ ಹಕ್ಕಿದೆ. ವಾಸಕ್ಕೆ ಕಾಲಮಿತಿಯಿಲ್ಲದ ಅನುಮತಿ ಸಿಕ್ಕಿದವರು ಅಭ್ಯರ್ಥಿಯೂ ಆಗಬಹುದು. ಹೆಸರು ತಾನಾಗಿ ಪಟ್ಟಿಗೆ ಸೇರದು, ನೋಂದಾಯಿಸಿಕೊಳ್ಳಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲ, ಮೊಬೈಲ್ ಒಪ್ಪಂದಗಳಿಗೂ ಅನುಕೂಲ. ಕಂದಾಯ ಕಟ್ಟುವವರು ನೀವು, ಕಸದ ಡಬ್ಬಿಯನ್ನು ವಾರವಾರ ಬಾಗಿಲಿಗಿಡುವವರು ನೀವು; ಆ ಕೌನ್ಸಿಲನ್ನು ಆರಿಸುವಾಗ ಮನೆಯಲ್ಲೇಕೆ ಕೂರುತ್ತೀರಿ?