ಮರದ ಮನೆಗಳ ದ್ವೀಪ ಸೆವುರಸಾರಿ

ಫಿನ್‌ಲೆಂಡ್‌ನ ರಾಜಧಾನಿ ಹೆಲ್ಸಿಂಕಿಯಲ್ಲಿ, ಬಿಳಿ ಬಣ್ಣದ ಮರದ ಕಾಲುಸೇತುವೆಯೊಂದರ ಆಚೆಗಿರುವ ಕಾಡುದ್ವೀಪ ಸೆವುರಸಾರಿ. ದೇಶದ ಬೇರೆ ಬೇರೆ ಸೀಮೆಗಳಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ 87 ಹಳೆಯ ಕಟ್ಟಡಗಳ ಬಯಲು ವಸ್ತುಸಂಗ್ರಹಾಲಯ ಇಲ್ಲಿದೆ. ಸ್ಟಾಕ್‌ಹೋಮ್‌ನಲ್ಲಿ 1891ರಲ್ಲಿ ತೆರೆದ ಸ್ಕಾನ್ಸೆನ್ ಇದಕ್ಕೆ ಮಾದರಿ. ಜನಾಂಗಶಾಸ್ತ್ರಜ್ಞ ಆಕ್ಸೆಲ್ ಓಲೈ ಹೈಕೆಲ್ 1909ರಲ್ಲಿ ಇದನ್ನು ಸ್ಥಾಪಿಸಿದಾಗ ಫಿನ್‌ಲೆಂಡ್ ಇನ್ನೂ ರಷ್ಯಾ ಸಾಮ್ರಾಜ್ಯದ ಅಧೀನದಲ್ಲಿತ್ತು. ಸ್ವಾತಂತ್ರ್ಯ ಬಂದದ್ದು 1917ರಲ್ಲಿ.

ಇಡೀ ಮನೆಯನ್ನು ಊರಿಂದೂರಿಗೆ ಸಾಗಿಸಲು ಸಾಧ್ಯವಾದದ್ದು ಅದನ್ನು ಕಟ್ಟಿದ ಬಗೆಯಿಂದ. ಪೈನ್ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮೂಲೆಯಲ್ಲಿ ಕಚ್ಚು ಹಾಕಿ ಒಂದರೊಳಗೊಂದು ಕೂರಿಸುತ್ತಿದ್ದರು. ಚಳಿಗಾಳಿ ನುಸುಳದಂತೆ ದಿಮ್ಮಿಗಳ ನಡುವೆ ಪಾಚಿ ತುಂಬುತ್ತಿದ್ದರು. ಇಂಥ ಗೋಡೆ ನಿಲ್ಲಲು ಗಾರೆ ಬೇಡ, ಕಬ್ಬಿಣದ ಮೊಳೆಯೂ ಬೇಡ. ದಿಮ್ಮಿಗಳಿಗೆ ಗುರುತು ಹಾಕಿ ಮೇಲಿನಿಂದ ಒಂದೊಂದಾಗಿ ಇಳಿಸಿದರೆ, ಅದೇ ಕ್ರಮದಲ್ಲಿ ಬೇರೆಡೆ ಏರಿಸಬಹುದು.

ಮೊದಲು ಬಂದದ್ದು ಅರಮನೆಯಲ್ಲ, ಗೇಣಿ ಒಕ್ಕಲಿನ ಮನೆ. ಹೈಕೆಲ್ ಅವರ ಈ ಆಯ್ಕೆ ದೊಡ್ಡದು. ಮಧ್ಯ ಫಿನ್‌ಲೆಂಡ್‌ನ ಕೊಂಗಿನ್‌ಕಾಂಗಸ್‌ನಿಂದ ತಂದ ನಿಯೆಮೆಲಾ ಹಟ್ಟಿಯಲ್ಲಿ ವಾಸದ ಮನೆ, ದನದ ಕೊಟ್ಟಿಗೆ, ಉಗ್ರಾಣ, ಹಬೆಸ್ನಾನದ ಸೌನಾ ಎಲ್ಲವೂ ಬಿಡಿಬಿಡಿ. ಇಂಥ ಒಕ್ಕಲುಗಳು ಗೇಣಿಯನ್ನು ಹೆಚ್ಚಾಗಿ ಒಡೆಯನ ಹೊಲದ ದುಡಿಮೆಯ ದಿನಗಳಲ್ಲೇ ತೀರಿಸುತ್ತಿದ್ದವು. ಉತ್ತ ನೆಲವನ್ನು ಕೊಂಡು ತಮ್ಮದಾಗಿಸಿಕೊಳ್ಳುವ ಹಕ್ಕು ಅವರಿಗೆ ಸಿಕ್ಕಿದ್ದು 1918ರ ಕಾನೂನಿನಿಂದ.

ನಿಯೆಮೆಲಾದ ವಾಸದ ಮನೆಗೆ ಹೊಗೆಕೊಳವೆಯಿಲ್ಲ. ಮೂಲೆಯ ಕಲ್ಲಿನ ಒಲೆಯಲ್ಲಿ ಬೆಂಕಿ ಹಾಕಿದರೆ ಹೊಗೆ ಮೇಲೇರಿ ಸೂರಿನಡಿ ಮೋಡದಂತೆ ನಿಲ್ಲುತ್ತಿತ್ತು, ಮೇಲಿನ ಕಿಂಡಿಯಿಂದ ನಿಧಾನವಾಗಿ ಹೊರಹೋಗುತ್ತಿತ್ತು. ಬೆಂಕಿ ಆರಿದ ಮೇಲೆ ಕಿಂಡಿ ಮುಚ್ಚಿದರೆ ಕಾದ ಕಲ್ಲುಗಳೇ ಮನೆಯನ್ನು ಬೆಚ್ಚಗಿಡುತ್ತಿದ್ದವು. ಇಂಥ ಮನೆಯ ಗೋಡೆಯನ್ನು ಹತ್ತಿರದಿಂದ ನೋಡಿದರೆ ಹೊಗೆ ಎಲ್ಲಿಯವರೆಗೆ ಇಳಿಯುತ್ತಿತ್ತೆಂದು ತಿಳಿಯುತ್ತದೆ: ಮೇಲ್ಭಾಗ ಕಾಡಿಗೆಗಪ್ಪು, ಕೆಳಗೆ ಮರದ ಸಹಜ ಬಣ್ಣ. ಕಿಟಕಿಗಳು ಸಣ್ಣವು, ಹೊಗೆಯ ಗೆರೆಗಿಂತ ಕೆಳಗೆ. ಕೂರುವುದು, ನೇಯುವುದು, ಉಣ್ಣುವುದು ಎಲ್ಲವೂ ಆ ಗೆರೆಯ ಅಡಿಯಲ್ಲೇ.

ಸೌನಾ ಸ್ನಾನಕ್ಕಷ್ಟೇ ಮೀಸಲಾಗಿರಲಿಲ್ಲ. ಮೊಳಕೆ ಕಾಳನ್ನು ಒಣಗಿಸುತ್ತಿದ್ದುದು ಅಲ್ಲಿ. ಹೆರಿಗೆಯೂ ಅಲ್ಲೇ, ಸತ್ತವರಿಗೆ ಕೊನೆಯ ಸ್ನಾನವೂ ಅಲ್ಲೇ.

ಪೂರ್ವದ ಕರೇಲಿಯಾದ ಸುವೊಯಾರ್ವಿಯಿಂದ ಬಂದ ಪೆರ್ಟಿನೋತ್ಸಾ ಮನೆಯ ರೀತಿ ಬೇರೆ. ಇಲ್ಲಿ ಜನ, ದನ, ಹುಲ್ಲು ಎಲ್ಲಕ್ಕೂ ಒಂದೇ ಮಾಡು. ಹೊರಗೆ ಹಿಮ ಸುರಿಯುವಾಗ ಮನೆಯೊಳಗಿಂದಲೇ ಕೊಟ್ಟಿಗೆಗೆ ಹೋಗಬಹುದಿತ್ತು. ಎರಡನೇ ಮಹಾಯುದ್ಧದ ಬಳಿಕ ಸುವೊಯಾರ್ವಿ ಸೋವಿಯತ್ ಒಕ್ಕೂಟದ ಪಾಲಾಯಿತು, ಅಲ್ಲಿನ ಫಿನ್ನಿಶ್ ಪ್ರಜೆಗಳು ಊರು ಬಿಟ್ಟರು. ಆದ್ದರಿಂದ ಈ ಮನೆಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಬೇಕು.

ಸಂಗ್ರಹದಲ್ಲಿ ಅತಿ ಹಳೆಯದು 1686ರ ಕರುನಾ ಚರ್ಚ್. ಇದೂ ಮರದ್ದೇ, 1912ರಲ್ಲಿ ಇಲ್ಲಿಗೆ ಬಂತು. ಈಗಲೂ ಇಲ್ಲಿ ಮದುವೆಗಳು ನಡೆಯುತ್ತವೆ. ಜಮೀನ್ದಾರಿ ಬಂಗಲೆಯೂ ಪಾದ್ರಿಯ ಮನೆಯೂ ಇವೆ.

ಕಟ್ಟಡಗಳ ಒಳಗನ್ನು ನೋಡಲು ಬೇಸಗೆಯಲ್ಲೇ ಹೋಗಬೇಕು. ವರ್ಷದ ಅತಿ ದೀರ್ಘ ಹಗಲಿನ ಹಬ್ಬವಾದ ಯುಹಾನ್ನುಸ್‌ನಲ್ಲಿ ನೀರಿನಂಚಿಗೆ ದೊಡ್ಡ ಬೆಂಕಿ ಹಾಕುವ ರೂಢಿ ಇಲ್ಲಿ 1954ರಿಂದ ಇದೆ.

ಬಯಲಿನಲ್ಲಿ ನಿಂತ ಮರ ಮಳೆ ಹಿಮಕ್ಕೆ ಸವೆಯುತ್ತದೆ, ಮಾಡಿನ ಭಾಗವಂತೂ ಬೇಗ. ಹಳೆಯ ಮಾಡುಗಳಲ್ಲಿ ನೀರು ತಡೆಯುವುದು ಬರ್ಚ್ ಮರದ ತೊಗಟೆಯ ಪದರ. ಹಿಮಾಲಯದ ಭೂರ್ಜಪತ್ರದ ಮರವೂ ಇದೇ ಕುಲದ್ದು. ತೊಗಟೆ ಹಾರದಂತೆ ಮೇಲೆ ಗಳುಗಳನ್ನು ಹೇರುತ್ತಾರೆ. ಮರದಿಂದ ತೊಗಟೆ ಸಲೀಸಾಗಿ ಬಿಟ್ಟುಬರುವುದು ರಸವೇರುವ ಬೇಸಗೆಯ ಆರಂಭದ ಕೆಲವೇ ವಾರ. ಮಾಡಿಗೆ ಬೇಕಾದಷ್ಟನ್ನು ಆಗಲೇ ಸುಲಿದಿಟ್ಟುಕೊಳ್ಳಬೇಕು.