ಕ್ಯಾನ್ಸರ್ ಔಷಧ ಸಂಶೋಧನೆ: ವೆಚ್ಚವೇ, ಆಸ್ತಿಯೇ?

ಔಷಧ ಕಂಪನಿಗಳ ಷೇರುಗಳಲ್ಲಿ ಹಣ ತೊಡಗಿಸುವ ವರ್ತಕರು ನಮ್ಮ ಭಾಗದಲ್ಲೂ ಇದ್ದಾರೆ. 'ಕ್ಯಾನ್ಸರಿಗೆ ಹೊಸ ಮದ್ದು' ಎಂಬ ಸುದ್ದಿಯನ್ನು ನಂಬಿ ಹೂಡಿಕೆ ಮಾಡುವ ಮುನ್ನ, ಆ ಮದ್ದಿನ ಕಾರ್ಯವಿಧಾನವನ್ನೂ ಅದರ ಲೆಕ್ಕಾಚಾರವನ್ನೂ ಅರಿಯುವುದು ಒಳಿತು.

ನಮ್ಮ ಶರೀರದ ಟಿ-ಕೋಶಗಳು ಕ್ಯಾನ್ಸರ್ ಕೋಶಗಳನ್ನು ಗುರುತಿಸಿ ಕೊಲ್ಲಬಲ್ಲವು. ಅವುಗಳಿಗೆ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ಅವಶ್ಯಕ. ಅನೇಕ ಗಡ್ಡೆಗಳಲ್ಲಿ ಐಡಿಒ ಎಂಬ ಕಿಣ್ವವು ಹೆಚ್ಚಾಗಿದ್ದು, ಈ ಆಮ್ಲವನ್ನು ಒಡೆದುಹಾಕುತ್ತದೆ. ಹನುಮನಹಳ್ಳಿ, ಗಂಗಾವತಿ ಸೀಮೆಯವರಿಗೆ ಇದು ಅಪರಿಚಿತ ಸಂಗತಿಯಲ್ಲ: ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವರು ನೀರೆಳೆದುಕೊಂಡರೆ ಕೊನೆಭಾಗದ ಗದ್ದೆ ಒಣಗುತ್ತದೆ. ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸವನ್ನು ನಿಲ್ಲಿಸುವ ಸಣ್ಣ ಅಣುವೇ ಕಿಣ್ವ ಪ್ರತಿಬಂಧಕ.

ಈ ತತ್ತ್ವವನ್ನು ನಂಬಿ ಅಪಾರ ಬಂಡವಾಳ ಹರಿಯಿತು. 2015ರಲ್ಲಿ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿಯು, ಇನ್ನೂ ಮಾನವ ಪ್ರಯೋಗಕ್ಕೆ ಬಾರದಿದ್ದ ಐಡಿಒ ಪ್ರತಿಬಂಧಕವೊಂದಕ್ಕಾಗಿ ಫ್ಲೆಕ್ಸಸ್ ಸಂಸ್ಥೆಯನ್ನು ಖರೀದಿಸಿ 80 ಕೋಟಿ ಡಾಲರ್ ಮುಂಗಡ ತೆತ್ತಿತು. ಆದರೆ ಇನ್‌ಸೈಟ್ ಕಂಪನಿಯ ಎಪಕಾಡೊಸ್ಟಾಟ್ ಎಂಬ ಇದೇ ಬಗೆಯ ಔಷಧವನ್ನು ಚರ್ಮದ ಕ್ಯಾನ್ಸರಾದ ಮೆಲನೋಮಾ ಪೀಡಿತ 706 ರೋಗಿಗಳಲ್ಲಿ ಪರೀಕ್ಷಿಸಿದಾಗ, 2018ರಲ್ಲಿ ನಿರಾಶೆಯ ಫಲಿತಾಂಶ ಬಂದಿತು. ಎಲ್ಲ ರೋಗಿಗಳಿಗೂ ಪೆಂಬ್ರೊಲಿಜುಮ್ಯಾಬ್ ನೀಡಲಾಗಿತ್ತು. ಜೊತೆಗೆ ಹೊಸ ಔಷಧ ಪಡೆದವರಲ್ಲಿ ರೋಗ ಉಲ್ಬಣಿಸದ ಮಧ್ಯಾಂಕ ಅವಧಿ 4.7 ತಿಂಗಳು, ಪಡೆಯದವರಲ್ಲಿ 4.9 ತಿಂಗಳು. ಒಂದು ತೂಬನ್ನು ಮುಚ್ಚಿದ ಮಾತ್ರಕ್ಕೆ ಕೊನೆಯ ಗದ್ದೆಗೆ ನೀರು ತಲುಪಲಿಲ್ಲ.

ನಮ್ಮ ರಾಜ್ಯದ ಉದಾಹರಣೆಯೂ ಗಮನಾರ್ಹ. 2015ರಲ್ಲಿ ಬೆಂಗಳೂರಿನ ಆರಿಜೀನ್ ಸಂಸ್ಥೆಯು ಅಮೆರಿಕದ ಕ್ಯೂರಿಸ್ ಕಂಪನಿಯೊಡನೆ, ಐಆರ್‌ಎಕೆ4 ಎಂಬ ಕಿಣ್ವದ ಪ್ರತಿಬಂಧಕ ಹಾಗೂ ರೋಗನಿರೋಧಕ ಶಕ್ತಿಯನ್ನು ಪ್ರಚೋದಿಸುವ ಗುಳಿಗೆಗಳ ಸಂಬಂಧ ಒಪ್ಪಂದ ಮಾಡಿಕೊಂಡಿತು. ಆರಂಭಿಕ ಪ್ರತಿಫಲವಾಗಿ ದೊರೆತದ್ದು ರೊಕ್ಕವಲ್ಲ, ಕ್ಯೂರಿಸ್‌ನ ಸುಮಾರು 1.71 ಕೋಟಿ ಷೇರುಗಳು. ಅಂದರೆ ಲಾಭದ ನಿರೀಕ್ಷೆಯೊಡನೆ ನಷ್ಟದ ಸಂಭವವನ್ನೂ ಬೆಂಗಳೂರಿನ ಸಂಸ್ಥೆ ಹಂಚಿಕೊಂಡಿತು.

ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ಖರ್ಚನ್ನು ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಹಾಕಬೇಕು. ಅಭಿವೃದ್ಧಿ ಹಂತದಲ್ಲಿಯೂ ತಾಂತ್ರಿಕ ಸಾಧ್ಯತೆ, ಭವಿಷ್ಯದ ಆದಾಯ ಮೊದಲಾದವನ್ನು ರುಜುವಾತುಪಡಿಸಿದರೆ ಮಾತ್ರ ಅದು ಆಸ್ತಿ ಎನಿಸುತ್ತದೆ. ಈ ನಿಯಮ ಕಠಿಣವೆಂದು ಉದ್ಯಮಿಗಳು ಗೊಣಗುವುದುಂಟು. 706 ರೋಗಿಗಳ ಫಲಿತಾಂಶ ಅದರ ವಿವೇಕವನ್ನು ತೋರಿಸಿದೆ.

ಆದುದರಿಂದ ಸದಸ್ಯ ಮಿತ್ರರು ಕಂಪನಿಯ ಪ್ರಕಟಣೆಯ ಜೊತೆಗೆ ಮೂರು ಸಂಗತಿಗಳನ್ನು ನೋಡಬೇಕು: ಔಷಧವು ಯಾವ ಹಂತದ ಪ್ರಯೋಗದಲ್ಲಿದೆ, ಹೋಲಿಕೆಯ ಗುಂಪಿಗಿಂತ ರೋಗಿಗೆ ಎಷ್ಟು ಹೆಚ್ಚು ಲಾಭವಾಯಿತು, ಆ ವೆಚ್ಚ ಆಸ್ತಿಪಟ್ಟಿಯಲ್ಲಿದೆಯೇ ಅಥವಾ ಲಾಭ-ನಷ್ಟ ಖಾತೆಯಲ್ಲಿದೆಯೇ. ಕಿಣ್ವವನ್ನು ತಡೆಯುವುದು ಪ್ರಯೋಗಾಲಯದ ಯಶಸ್ಸು. ರೋಗಿಯ ಆಯುಷ್ಯ ಹೆಚ್ಚುವುದೇ ನಿಜವಾದ ಜಮೆ.