ಎಂಆರ್‌ಐ ಆದ ಮೇಲೂ ಇನ್ನೊಂದು ಸ್ಕ್ಯಾನ್ ಯಾಕೆ? ಮೆದುಳಿನ ರಕ್ತನಾಳ ಎಲ್ಲರಿಗೂ ಒಂದೇ ಥರ ಇರಲ್ಲ

ತುಮಕೂರು: ಮೆದುಳಿನಲ್ಲಿ ಗಡ್ಡೆ ಇದೆ ಅಂತ ಗುಬ್ಬಿ, ಕುಣಿಗಲ್ ಕಡೆಯಿಂದ ಬೆಂಗಳೂರಿಗೆ ಹೋದವರಿಗೆ ಕೆಲವೊಮ್ಮೆ ಆಪರೇಷನ್‌ಗೆ ಮುಂಚೆ ‘ವೀನೋಗ್ರಾಂ’ ಮಾಡಿಸಿ ಅಂತಾರೆ. ಗಡ್ಡೆ ಎಂಆರ್‌ಐನಲ್ಲೇ ಕಂಡಿದೆಯಲ್ಲ, ಮತ್ತೆ ಖರ್ಚು ಯಾಕೆ ಅನ್ನೋದು ಮನೆಯವರ ಪ್ರಶ್ನೆ. ಕಾರಣ ಇದೆ.

ನಮ್ಮ ಮೆದುಳಿಗೆ ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ರಕ್ತ ಬರುತ್ತೆ. ತರುವುದು ಅಪಧಮನಿ, ವಾಪಸ್ ಒಯ್ಯುವುದು ಅಭಿಧಮನಿ. ಈ ಅಭಿಧಮನಿಗಳ ಜಾಡು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ತಲೆಯ ಹಿಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ದೊಡ್ಡ ನಾಳ ಇವೆ. ಹೆಚ್ಚಿನವರಲ್ಲಿ ಬಲಗಡೆಯದೇ ದಪ್ಪ. ಕೆಲವರಲ್ಲಿ ಎಡಗಡೆಯದು ಹುಟ್ಟಿನಿಂದಲೇ ತೀರಾ ಸಣ್ಣ. ಇದು ಕಾಯಿಲೆಯಲ್ಲ.

ಕೆರೆಯನ್ನೇ ನೋಡಿ. ಎರಡು ಕೋಡಿ ಇದ್ದರೆ ಒಂದನ್ನು ಮುಚ್ಚಿದರೂ ನೀರು ಇನ್ನೊಂದರಲ್ಲಿ ಹೋಗುತ್ತೆ. ಇರೋದು ಒಂದೇ ಆದರೆ ಏರಿ ಒಡೆಯುತ್ತೆ. ಮೆದುಳಲ್ಲೂ ಅಷ್ಟೇ. ಕಿವಿಯ ಮೇಲ್ಭಾಗಕ್ಕೆ ‘ಲಾಬೆ’ ಅನ್ನೋ ಅಭಿಧಮನಿ ಇದೆ. ಬೇರೆ ದಾರಿ ಇಲ್ಲದವರಲ್ಲಿ ಅದು ತುಂಡಾದರೆ ರಕ್ತ ನಿಂತು ಮೆದುಳು ಊದಿಕೊಳ್ಳಬಹುದು, ರಕ್ತಸ್ರಾವವೂ ಆಗಬಹುದು. ಎಡಭಾಗದಲ್ಲಾದರೆ ಮಾತೇ ಹೋಗಬಹುದು. ಅದಕ್ಕೇ ಸರ್ಜನ್‌ಗಳು ನಾಳಗಳ ನಕ್ಷೆ ನೋಡಿ, ಎಲ್ಲಿಂದ ಒಳಗೆ ಹೋಗಬೇಕು ಅಂತ ತೀರ್ಮಾನ ಮಾಡ್ತಾರೆ. ಎಲ್ಲರಿಗೂ ಈ ಸ್ಕ್ಯಾನ್ ಬೇಕಿಲ್ಲ. ಗಡ್ಡೆ ದೊಡ್ಡ ನಾಳದ ಪಕ್ಕದಲ್ಲಿದ್ದರೆ ಮುಖ್ಯ.

ಆಪರೇಷನ್ ಇಲ್ಲದಿದ್ದರೂ ಈ ವ್ಯತ್ಯಾಸ ಗೊತ್ತಿರಬೇಕು. ಬಾಣಂತಿಯರಲ್ಲಿ ಮೆದುಳಿನ ಅಭಿಧಮನಿ ಹೆಪ್ಪುಗಟ್ಟುವ ಕಾಯಿಲೆ ಬರುತ್ತೆ. ನಿಮ್ಹಾನ್ಸ್ ವೈದ್ಯರು ಇದನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಹುಟ್ಟಿನಿಂದ ಸಣ್ಣದಾಗಿರುವ ನಾಳ ಸ್ಕ್ಯಾನ್‌ನಲ್ಲಿ ಹೆಪ್ಪುಗಟ್ಟಿದಂತೆಯೇ ಕಾಣಬಹುದು. ತಪ್ಪಾಗಿ ಓದಿದರೆ ರಕ್ತ ತೆಳು ಮಾಡುವ ಔಷಧ ಸುಮ್ಮನೆ ಕೊಟ್ಟಂತಾಗುತ್ತೆ. ಹಾಗಾಗಿ ಬೇರೆ ಬೇರೆ ಚಿತ್ರ ತೆಗೆದು ಖಚಿತ ಮಾಡ್ಕೋತಾರೆ. ಬಾಣಂತಿಗೆ ಬಿಡದ ತಲೆನೋವು, ಫಿಟ್ಸ್, ಕೈಕಾಲು ಸೋಲುವುದು ಕಂಡರೆ ತಡ ಮಾಡಬೇಡಿ. ನೀರು ಕೊಡದೆ ಇಡಲೂಬೇಡಿ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು.

ನೆನಪಿಡಿ:
* ಎಂಆರ್‌ಐ ಜೊತೆಗೇ ವೀನೋಗ್ರಾಂ ಮಾಡಲು ಆಗುತ್ತಾ ಅಂತ ಮೊದಲೇ ಕೇಳಿ. ಎರಡು ಸಲ ಓಡಾಡೋದು ತಪ್ಪಬಹುದು.
* ಕಿಡ್ನಿ ತೊಂದರೆ, ಅಲರ್ಜಿ, ಗರ್ಭಿಣಿ ಅನ್ನೋದನ್ನು ಸ್ಕ್ಯಾನ್‌ಗೆ ಮುಂಚೆ ಹೇಳಿ. ಕೆಲವು ಸ್ಕ್ಯಾನ್‌ಗೆ ಡೈ ಇಂಜೆಕ್ಷನ್ ಕೊಡ್ತಾರೆ.
* ರಿಪೋರ್ಟ್ ಹಾಳೆ ಒಂದೇ ಸಾಲದು. ಫಿಲಂ, ಸಿಡಿ ಜೋಪಾನ ಮಾಡಿ, ಹೋದ ಕಡೆಯೆಲ್ಲ ಒಯ್ಯಿರಿ. ಸರ್ಜನ್ ನೋಡೋದು ಚಿತ್ರವನ್ನ.